ಶಾಂಘೈಗೆ ಹೋದರೆ ಸಾಂಗ್ ಜಿಯಾವೊರೆನ್ ಸಮಾಧಿಗೂ ಒಂದು ಬೆಳಗ್ಗೆ ಇಟ್ಟುಕೊಳ್ಳಿ

ಮೊದಲು ರೂಮಿನ ವಿಷಯ ಹೇಳಿಬಿಡುತ್ತೇನೆ, ದುಡ್ಡು ಕೈಬಿಟ್ಟಿದ್ದು ಅಲ್ಲೇ. ಶಾಂಘೈ ರೈಲ್ವೆ ಸ್ಟೇಷನ್ ಹತ್ತಿರ ಒಂದು ಸಣ್ಣ ಹೋಟೆಲ್ ಆನ್‌ಲೈನಲ್ಲಿ ಬುಕ್ ಆಗಿತ್ತು, ಹಣವೂ ಕಟ್ಟಿಯಾಗಿತ್ತು. ರಾತ್ರಿ ಹತ್ತರ ಮೇಲೆ ಕೌಂಟರ್ ಮುಂದೆ ಬ್ಯಾಗ್ ಇಳಿಸಿದರೆ, ಪಾಸ್‌ಪೋರ್ಟ್ ನೋಡಿ ತಲೆ ಅಲ್ಲಾಡಿಸಿದರು. ಹೊರದೇಶದವರನ್ನು ಇಟ್ಟುಕೊಳ್ಳುವುದಿಲ್ಲವಂತೆ. ಅವರೇ ಫೋನ್ ಮಾಡಿ ಎದುರು ಬೀದಿಯ ಇನ್ನೊಂದು ಜಾಗಕ್ಕೆ ಕಳಿಸಿದರು. ಅಲ್ಲಿ ಎರಡರಷ್ಟು ಬಾಡಿಗೆ, ಕಿಟಕಿ ಇಲ್ಲ, ದಿಂಬಿಗೆಲ್ಲ ಸಿಗರೇಟಿನ ವಾಸನೆ. ಆ ಹೊತ್ತಿನಲ್ಲಿ ಜಗಳ ಆಡೋಕೂ ಶಕ್ತಿ ಇರಲ್ಲ, ಅದು ಅವರಿಗೆ ಚೆನ್ನಾಗಿ ಗೊತ್ತು. ನೀವು ಬುಕ್ ಮಾಡಿದ ತಕ್ಷಣ ಹೋಟೆಲಿಗೇ ಮೆಸೇಜ್ ಹಾಕಿ, ಭಾರತದ ಪಾಸ್‌ಪೋರ್ಟ್ ಇದ್ದರೆ ರೂಮ್ ಕೊಡ್ತೀರಾ ಅಂತ ಕೇಳಿ. ಉತ್ತರದ ಸ್ಕ್ರೀನ್‌ಶಾಟ್ ಫೋನಲ್ಲಿ ಇರಲಿ.

ಸ್ಟೇಷನ್ ಹತ್ತಿರವೇ ರೂಮ್ ಹಿಡಿದಿದ್ದಕ್ಕೆ ಕಾರಣ ಇತ್ತು. ಚೀನಾದ ಕ್ರಾಂತಿಕಾರಿ ನಾಯಕ ಸಾಂಗ್ ಜಿಯಾವೊರೆನ್ ಗುಂಡೇಟು ತಿಂದ ಜಾಗ ನೋಡಬೇಕಿತ್ತು. ಚೀನಾದ ಕ್ರಾಂತಿ ಅಂದ ಕೂಡಲೇ ನಮಗೆ ನೆನಪಾಗುವುದು ಸನ್ ಯಾತ್-ಸೆನ್, ಮಾವೊ. ಸಾಂಗ್ ಹೆಸರು ಕೇಳಿದವರೇ ಕಡಿಮೆ. ಹುಟ್ಟಿದ್ದು 1882ರಲ್ಲಿ, ಹುನಾನ್ ಪ್ರಾಂತ್ಯದ ಟಾವೊಯುವಾನ್‌ನಲ್ಲಿ. ರಾಜರ ವಿರುದ್ಧದ ದಂಗೆಯ ಸಂಚು ಹೊರಬಿದ್ದು ಜಪಾನಿಗೆ ಓಡಿಹೋದರು, ಅಲ್ಲಿ ಕಾನೂನು ಓದಿದರು, 1905ರಲ್ಲಿ ಟೋಕಿಯೊದಲ್ಲಿ ಸನ್ ಯಾತ್-ಸೆನ್, ಇನ್ನೊಬ್ಬ ಕ್ರಾಂತಿಕಾರಿ ಹುವಾಂಗ್ ಶಿಂಗ್ ಜೊತೆ ಟೊಂಗ್‌ಮೆಂಗ್‌ಹುಯಿ ಅನ್ನೋ ಕ್ರಾಂತಿಕಾರಿ ಸಂಘಟನೆ ಸೇರಿದರು. 1912ರಲ್ಲಿ ರಾಜರ ಆಳ್ವಿಕೆ ಮುಗಿದ ಮೇಲೆ ಸಣ್ಣಪುಟ್ಟ ಪಕ್ಷಗಳನ್ನೆಲ್ಲ ಕೂಡಿಸಿ ಕುವೊಮಿನ್‌ಟಾಂಗ್ ಪಕ್ಷ ಕಟ್ಟಿದ್ದರಲ್ಲಿ ಇವರದೇ ದೊಡ್ಡ ಕೈ. ಅಧ್ಯಕ್ಷ ಯುವಾನ್ ಶಿಕಾಯ್ ಕೈಯಲ್ಲಿ ಎಲ್ಲಾ ಅಧಿಕಾರ ಇರಬಾರದು, ಗೆದ್ದ ಪಕ್ಷದವರೇ ಸರ್ಕಾರ ನಡೆಸಬೇಕು ಅನ್ನೋದು ಇವರ ಹಠ. ಊರೂರು ತಿರುಗಿ ಅದನ್ನೇ ಭಾಷಣ ಮಾಡಿದರು. ಚುನಾವಣೆಯಲ್ಲಿ ಪಕ್ಷ ಗೆದ್ದೂಬಿಟ್ಟಿತು. ಪ್ರಧಾನಿ ಆಗುವವರು ಇವರೇ ಅನ್ನೋ ಮಾತಿತ್ತು. 1913ರ ಮಾರ್ಚ್ 20ರ ರಾತ್ರಿ ಬೀಜಿಂಗಿಗೆ ಹೊರಟು ಶಾಂಘೈ ಸ್ಟೇಷನ್ನಿಗೆ ಬಂದಾಗ ಗುಂಡು ಬಿತ್ತು. ಬೀಳ್ಕೊಡೋಕೆ ಬಂದ ಗೆಳೆಯರ ಕಣ್ಣೆದುರೇ. ಹತ್ತಿರದ ರೈಲ್ವೆ ಆಸ್ಪತ್ರೆಗೆ ಸೇರಿಸಿದರು, 22ಕ್ಕೆ ತೀರಿಕೊಂಡರು. ವಯಸ್ಸು ಬರೀ 30.

ಒಂದು ಮುಖ್ಯವಾದ ವಿಷಯ. ಈಗಿನ ಶಾಂಘೈ ರೈಲ್ವೆ ಸ್ಟೇಷನ್ ಆ ಸ್ಟೇಷನ್ ಅಲ್ಲ, ಇದು 1987ರದ್ದು. ಹಳೆಯದು ಟಿಯಾನ್‌ಮು ಈಸ್ಟ್ ರೋಡಿನಲ್ಲಿತ್ತು, ಆಮೇಲೆ ಅದಕ್ಕೆ ಉತ್ತರ ನಿಲ್ದಾಣ ಅಂತ ಹೆಸರು ಬಂತು. ಜಪಾನಿನವರ ಬಾಂಬಿಗೆ ಹಾಳಾಯಿತು. ಈಗ ಆ ಜಾಗದಲ್ಲಿ ರೈಲ್ವೆ ಮ್ಯೂಸಿಯಂ ಇದೆ. ಹಳೆಯ ಕಟ್ಟಡದ್ದೇ ನಮೂನೆಯಲ್ಲಿ, ಸ್ವಲ್ಪ ಚಿಕ್ಕದಾಗಿ ಕಟ್ಟಿದ್ದಾರೆ. ಮೆಟ್ರೋ 3 ಅಥವಾ 4ನೇ ಲೈನಿನಲ್ಲಿ ಬಾವ್‌ಶಾನ್ ರೋಡ್ ಇಳಿದು ನಡೆಯಿರಿ. ವಾರದ ಎಲ್ಲಾ ದಿನ ತೆರೆದಿರಲ್ಲ, ವಿಚಾರಿಸಿಕೊಂಡೇ ಹೋಗಿ. ರೈಲು ಅಂದರೆ ಪ್ರಾಣ ಅನ್ನೋರಿಗೆ ಒಳಗೆ ಒಂದು ಗಂಟೆ ಬೇಕು. ನನಗೆ ಹೊರಗೆ ನಿಂತು ಕಟ್ಟಡ ನೋಡಿದ್ದೇ ಸಾಕಾಯಿತು.

ಸಮಾಧಿ ಇರುವುದು ಝಾಬೇ ಪಾರ್ಕಿನಲ್ಲಿ. ಮೆಟ್ರೋ 1ನೇ ಲೈನ್, ರೈಲ್ವೆ ಸ್ಟೇಷನ್ನಿನಿಂದ ಎರಡೇ ಸ್ಟಾಪು, ಯಾನ್‌ಚಾಂಗ್ ರೋಡ್. ಟ್ಯಾಕ್ಸಿ ಸುಮ್ನೆ ದಂಡ. ಬೆಳಗ್ಗೆ ಬೇಗ ಹೋಗಿ, ವಯಸ್ಸಾದವರು ಕೈಕಾಲು ಆಡಿಸುತ್ತಾ, ಇಸ್ಪೀಟು ಆಡುತ್ತಾ ಇರುತ್ತಾರೆ. ನಮ್ಮ ಕಡೆ ತಿರುಗಿಯೂ ನೋಡಲ್ಲ, ಅದೇ ಆರಾಮ. ಈ ಜಾಗಕ್ಕೆ ಮೊದಲು ಸಾಂಗ್ ಅವರ ಹೆಸರೇ ಇತ್ತು. 1914ರಲ್ಲಿ ಇಲ್ಲಿ ಮಣ್ಣು ಮಾಡಿದರು. ಮಾವೊ ಕಾಲದ ಸಾಂಸ್ಕೃತಿಕ ಕ್ರಾಂತಿಯಲ್ಲಿ ಸಮಾಧಿಯನ್ನು ಒಡೆದುಹಾಕಿದ್ದರು, ಆಮೇಲೆ ಮತ್ತೆ ಕಟ್ಟಿದ್ದು. ಗುಂಡನೆಯ ದಿಬ್ಬ, ಅದರ ಮೇಲೆ ಹಾವನ್ನು ಮೆಟ್ಟಿ ನಿಂತ ಹದ್ದು. ಮುಂದೆ ಸಾಂಗ್ ಕೆನ್ನೆಗೆ ಕೈ ಕೊಟ್ಟು ಯೋಚನೆಯಲ್ಲಿ ಕೂತಿರುವ ಮೂರ್ತಿ.

ಮೂರ್ತಿಯ ಫೋಟೋ ತೆಗೆದು ಅಷ್ಟಕ್ಕೇ ವಾಪಸ್ ಬರಬೇಡಿ. ಪೀಠದ ಹಿಂಭಾಗಕ್ಕೆ ಹೋಗಿ. ಅಲ್ಲಿ ಗೆಳೆಯ ಯೂ ಯೊರೆನ್ ಬರೆದ ಸಾಲುಗಳಿವೆ, ಆ ರಾತ್ರಿ ಸ್ಟೇಷನ್ನಿನಲ್ಲಿ ಜೊತೆಗಿದ್ದವರು. ನಿಜ ಬರೆದರೆ ಬರೆದವನ ತಲೆ ಹೋಗುತ್ತೆ, ಸುಳ್ಳು ಬರೆದರೆ ದೇವರು ಬಿಡಲ್ಲ, ನಾನೇನು ಬರೆಯಲಿ ಅನ್ನೋ ಅರ್ಥ. ಹಳೆಗಾಲದ ಚೀನಿ ಭಾಷೆ, ಫೋನಿನ ಅನುವಾದಕ್ಕೆ ನಿಲುಕಲ್ಲ, ಹೋಗುವ ಮೊದಲೇ ಅರ್ಥ ಓದಿಕೊಂಡಿದ್ದರೆ ಒಳ್ಳೆಯದು. ನನಗೆ ಅಲ್ಲಿ ಗಂಟಲು ಕಟ್ಟಿತು. ಕೊಲೆಯ ಜಾಡು ಯುವಾನ್ ಸರ್ಕಾರದ ಆಫೀಸಿನ ತನಕ ಹೋಗಿತ್ತು. ಗುಂಡು ಹೊಡೆದವನು ಜೈಲಿನಲ್ಲೇ ಸತ್ತ, ಅವನಿಗೆ ಸುಪಾರಿ ಕೊಟ್ಟವನನ್ನು ರೈಲಿನಲ್ಲಿ ಕೊಂದರು, ಪ್ರಧಾನಿ ಆಗಿದ್ದ ಝಾವೊ ಬಿಂಗ್‌ಜುನ್ ಕೂಡ ಮರುವರ್ಷವೇ ತೀರಿಕೊಂಡ. ಓಟಿನಿಂದಲೇ ದೇಶ ನಡೆಸಬಹುದು ಅಂತ ನಂಬಿದ ಮನುಷ್ಯನಿಗೆ ಇಂಥ ಸಾವು ಬರಬಾರದಿತ್ತು.

ಈಗ ಊಟ. ಪಾರ್ಕಿನಿಂದ ಮೆಟ್ರೋ ಕಡೆ ಬರುವಾಗ ಒಂದು ಗಲ್ಲಿಯಲ್ಲಿ ನಾಲ್ಕೇ ಟೇಬಲ್ಲಿನ ನೂಡಲ್ ಅಂಗಡಿ, ಬೋರ್ಡು ಪೂರ್ತಿ ಚೀನಿಯಲ್ಲಿ. ಅಲ್ಲಿನ ತ್ಸೊಂಗ್‌ಯೋ ಬಾನ್‌ಮ್ಯೆನ್ ತಿನ್ನದೆ ಬರಬೇಡಿ. ಈರುಳ್ಳಿ ಸೊಪ್ಪನ್ನು ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಕಪ್ಪಾಗಿ ಗರಿಗರಿ ಆಗುವ ತನಕ ಕರಿಯುತ್ತಾರೆ, ಆ ಎಣ್ಣೆಗೆ ಸೋಯಾ ಸಾಸ್, ಚೂರು ಸಕ್ಕರೆ. ಬಿಸಿ ನೂಡಲ್ಸ್ ಮೇಲೆ ಸುರಿದು ಕೊಡುತ್ತಾರೆ, ಕಲಸಿಕೊಳ್ಳುವುದು ನಮ್ಮ ಕೆಲಸ. ತಳದ ತನಕ ಚೆನ್ನಾಗಿ ಕಲಸಿ, ಸಾಸೆಲ್ಲ ಅಡಿಯಲ್ಲೇ ನಿಂತಿರುತ್ತೆ. ಹನ್ನೆರಡು ಯುವಾನ್, ಹೊಟ್ಟೆ ತುಂಬ. ಪಕ್ಕದಲ್ಲಿ ಕೂತ ಅಜ್ಜ ನನ್ನ ಬಟ್ಟಲಿಗೆ ತಾವೇ ಖಾರದೆಣ್ಣೆ ಹಾಕಿ, ತಿನ್ನು ಅಂತ ಕೈಸನ್ನೆ ಮಾಡಿದರು. ಆ ಊರಲ್ಲಿ ಇಷ್ಟು ರುಚಿಯಾಗಿ ಇನ್ನೆಲ್ಲೂ ತಿನ್ನಲಿಲ್ಲ. ಸಸ್ಯಾಹಾರಿಗಳು ಮೊದಲೇ ಕೇಳಿಕೊಳ್ಳಿ, ಕೆಲವು ಕಡೆ ಒಣ ಸಿಗಡಿ, ಹಂದಿ ಕೊಬ್ಬು ಸೇರಿಸುತ್ತಾರೆ. "ವೊ ಚಿ ಸು" (ನಾನು ಸಸ್ಯಾಹಾರಿ) ಅಂದರೆ ಅರ್ಥ ಆಗುತ್ತೆ, ಆದರೂ ಫೋನಲ್ಲಿ ಬರೆದು ತೋರಿಸುವುದು ಕ್ಷೇಮ. ಸೊಪ್ಪು, ಅಣಬೆ ತುಂಬಿದ ಹಬೆ ಬನ್ನು ಕೂಡ ಬೀದಿಬೀದಿಯಲ್ಲಿ ಸಿಗುತ್ತೆ.

ನಾನ್‌ಜಿಂಗಿಗೂ ಹೋಗಿದ್ದೆ, ಸನ್ ಯಾತ್-ಸೆನ್ ಸಮಾಧಿಗೆ. 392 ಮೆಟ್ಟಿಲು, ಮೆಟ್ಟಿಲಿಗೊಂದು ಟೂರ್ ಗುಂಪು, ಎಲ್ಲರ ಕೈಯಲ್ಲೂ ಮೈಕು. ಜನಜಂಗುಳಿ ತಡೆಯೋಕಾಗದ ನನ್ನಂಥವರು ಅದನ್ನು ಬಿಟ್ಟರೂ ನಷ್ಟ ಇಲ್ಲ. ಅದರ ಬದಲು ಶಾಂಘೈನಲ್ಲೇ ಶಿಯಾಂಗ್‌ಶಾನ್ ರೋಡಿನಲ್ಲಿ ಅವರು 1918ರಿಂದ ವಾಸವಿದ್ದ ಮನೆ ನೋಡಿ. ನೆರಳಿನ ರಸ್ತೆ, ಎರಡಂತಸ್ತಿನ ಮನೆ, ಸಮಾಧಾನವಾಗಿ ನೋಡಬಹುದು.

ವೀಸಾ ಇಲ್ಲದೆ 240 ಗಂಟೆ ಇರಬಹುದು ಅಂತ ವಿಡಿಯೋಗಳಲ್ಲಿ ಹೇಳ್ತಾರಲ್ಲ, ಆ ಸೌಲಭ್ಯ ಭಾರತದವರಿಗೆ ಇಲ್ಲ, ವೀಸಾ ಮಾಡಿಸಿಕೊಂಡೇ ಹೋಗಿ. ಅಲ್ಲಿ ಫೋನಲ್ಲೇ ಹಣ ಕೊಡುವ ಆ್ಯಪ್ ಅಲಿಪೇಗೆ ಕಾರ್ಡ್ ಜೋಡಿಸುವ ಕೆಲಸ ಇಲ್ಲಿಂದಲೇ ಮುಗಿಸಿ, ಒಂದು ಸಲಕ್ಕೆ 200 ಯುವಾನ್ ದಾಟಿದರೆ ಶೇಕಡಾ 3 ಶುಲ್ಕ ಬೀಳುತ್ತೆ. ಮೇಲೆ ಹೇಳಿದ ನೂಡಲ್ ಅಂಗಡಿಯಲ್ಲಿ ನೋಟು ತೆಗೆದುಕೊಂಡರು, ಆದರೆ ಚಿಲ್ಲರೆಗೆ ಪಕ್ಕದಂಗಡಿಗೆ ಓಡಬೇಕಾಯಿತು.