ಎರಡು ವಾರ ಉಳಿಸಿದ ಕತೆ

ತರಬೇತಿಗೆ ಬರುವಾಗ ಮುಗಿದ ಒಂದು ಕೆಲಸದ ಲೆಕ್ಕಪತ್ರ ತರಬೇಕು ಎಂದು ಮೊದಲೇ ತಿಳಿಸಿದ್ದರು. ನಾನು ಹೆಚ್ಚು ಯೋಚಿಸದೆ ಬಸವನ ಬಾಗೇವಾಡಿ ತಾಲೂಕಿನಲ್ಲಿ ನಾನು ಕಟ್ಟಿಸಿದ ಗೋದಾಮಿನ ರಿಜಿಸ್ಟರನ್ನು ಚೀಲಕ್ಕೆ ಹಾಕಿದೆ. 14 ವರ್ಷ ಸೈಟಿನಲ್ಲಿ ದುಡಿದವನು ನಾಲ್ಕು ಜನರ ಮುಂದೆ ಬಿಚ್ಚಿ ತೋರಿಸಬಹುದಾದ ಪುಟವೊಂದು ಅದರಲ್ಲಿತ್ತು. ‘ಗೋಡೆ ಕೆಲಸ ಮುಕ್ತಾಯ. 2 ವಾರ ಉಳಿತಾಯ’ ಎಂದು ಕೆಂಪು ಶಾಯಿಯಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದೆ. ಆ ದಿನ ಗೌಂಡಿಗಳಿಗೆಲ್ಲ ಜಿಲೇಬಿ ಹಂಚಿದ್ದೆ. ಅದರ ಖರ್ಚೂ ಅದೇ ಪುಟದಲ್ಲಿದೆ.

ವಿಜಯಪುರದ ಒಂದು ಹೋಟೆಲಿನ ಮೇಲ್ಮಹಡಿಯಲ್ಲಿ ಮೂರು ದಿನದ ತರಬೇತಿ. ಕೆಲಸದ ಯೋಜನೆ, ವೇಳಾಪಟ್ಟಿ, ವೆಚ್ಚ ನಿಯಂತ್ರಣ. ಕಾಲುವೆ ಕಾಮಗಾರಿಯವರು, ರಸ್ತೆ ಗುತ್ತಿಗೆಯವರು, ಒಬ್ಬ ಸಕ್ಕರೆ ಕಾರ್ಖಾನೆಯ ಎಂಜಿನಿಯರ್, ಎಲ್ಲ ಸೇರಿ 22 ಜನ. ಮೊದಲ ದಿನ ಆಕಳಿಕೆಯಲ್ಲಿ ಹೋಯಿತು. ದೊಡ್ಡ ಕೆಲಸವನ್ನು ಒಡೆದು ಸಣ್ಣದು ಮಾಡಿಕೊಳ್ಳಿ ಎನ್ನುವುದನ್ನು ಹೇಳಲು ಒಂದು ದಿನ ಬೇಕೇ ಎಂದು ನಾನೇ ಪಕ್ಕದವರ ಕಿವಿಯಲ್ಲಿ ಹೇಳಿದೆ.

ಎರಡನೆಯ ದಿನ ಬೆಳಿಗ್ಗೆ ತರಬೇತುದಾರರು ಗೋಡೆಗೆ ದೊಡ್ಡ ಬಿಳಿ ಹಾಳೆ ಅಂಟಿಸಿ, ಹಳದಿ ಚೀಟಿಯ ಕಟ್ಟೊಂದನ್ನು ಕೈಗಿತ್ತರು. ಒಂದು ಚೀಟಿಗೆ ಒಂದು ಕೆಲಸ, ಮೂಲೆಯಲ್ಲಿ ಅದಕ್ಕೆ ಬೇಕಾದ ವಾರಗಳು. ಯಾವುದು ಮುಗಿಯದೆ ಯಾವುದು ಶುರುವಾಗದೋ ಅವುಗಳ ನಡುವೆ ಬಾಣ. 1957ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿ ತನ್ನ ರಾಸಾಯನಿಕ ಕಾರ್ಖಾನೆಗಳಿಗಾಗಿ ಹುಟ್ಟುಹಾಕಿದ ವಿಧಾನವಂತೆ, ಹೆಸರು ಕ್ರಿಟಿಕಲ್ ಪಾತ್. ಅದನ್ನು ಕೇಳಿ ಸಕ್ಕರೆ ಕಾರ್ಖಾನೆಯವರು ನೆಟ್ಟಗೆ ಕುಳಿತರು. ಕಬ್ಬು ನುರಿಸುವ ಹಂಗಾಮಿಗೆ ಮುಂಚೆ ಬಾಯ್ಲರು, ಗಿರಣಿಗಳನ್ನೆಲ್ಲ ಬಿಚ್ಚಿ ಜೋಡಿಸುವ ಪಾಡು ಅವರದು.

ಬಾಣಗಳ ಗುಂಟ ಮೊದಲಿನಿಂದ ಕೊನೆಗೆ ವಾರಗಳನ್ನು ಎಣಿಸುತ್ತ ಹೋಗಬೇಕು, ಆಮೇಲೆ ಕೊನೆಯಿಂದ ಹಿಂದಕ್ಕೆ ಎಣಿಸುತ್ತ ಬರಬೇಕು. ಎರಡು ಎಣಿಕೆಯ ನಡುವೆ ಉಳಿಯುವ ಅಂತರಕ್ಕೆ ಫ್ಲೋಟ್ ಎಂದು ಹೆಸರು. ತರಬೇತುದಾರರು ಅದನ್ನು ಮೂರು ಬಗೆಯಲ್ಲಿ ವಿವರಿಸಿದರೂ ಯಾರ ಮುಖವೂ ಅರಳಲಿಲ್ಲ. ಹಿಂದಿನ ಸಾಲಿನಲ್ಲಿದ್ದ ಹಿರಿಯ ಮೇಲ್ವಿಚಾರಕರೊಬ್ಬರು, ‘ಅಂದರೆ ಸವಡು, ಅಲ್ಲವೇ ಸರ್?’ ಎಂದರು. ಅಷ್ಟೇ. ಅಲ್ಲಿಂದ ಮುಂದೆ ಮೂರನೆಯ ದಿನದವರೆಗೂ ಫ್ಲೋಟ್ ಎಂಬ ಶಬ್ದ ಆ ಕೋಣೆಯಲ್ಲಿ ಕೇಳಲಿಲ್ಲ. ಸವಡು ಎಂದರೆ ಬಿಡುವು: ಇಡೀ ಕೆಲಸದ ಕೊನೆ ಮುಂದೆ ಹೋಗದಂತೆ ಒಂದು ಕೆಲಸ ಎಷ್ಟು ತಡವಾಗಬಹುದೋ ಅಷ್ಟು. ಸವಡು ಇಲ್ಲದ ಕೆಲಸಗಳ ಸರಪಳಿಯೇ ಕ್ರಿಟಿಕಲ್ ಪಾತ್.

ನನ್ನ ಗೋದಾಮಿನ ಹಾಳೆ ಹೀಗಿತ್ತು. ಪಾಯಕ್ಕೆ 5 ವಾರ, ಕಂಬ ಮತ್ತು ಗೋಡೆಗೆ 8, ಒಟ್ಟು 13. ಅದರ ಕೆಳಗೆ ಇನ್ನೊಂದು ಸಾಲು: ಛಾವಣಿ ಹೊರುವ ಕಬ್ಬಿಣದ ಚೌಕಟ್ಟಿನ, ಅಂದರೆ ಟ್ರಸ್ಸಿನ, ನಕ್ಷೆಗೆ 2, ಅದರ ಮಂಜೂರಾತಿಗೆ 3, ಟ್ರಸ್ ತಯಾರಿಗೆ 10, ಸಾಗಣೆಗೆ 1, ಒಟ್ಟು 16. ಎರಡೂ ಸಾಲು ಟ್ರಸ್ ಏರಿಸುವ ಚೀಟಿಯಲ್ಲಿ ಬಂದು ಕೂಡುತ್ತಿದ್ದವು. ನಾನೇ ಬರೆದ ಅಂಕಿಗಳು, ನನ್ನದೇ ಅಕ್ಷರ. ಗೋಡೆಗೆ 3 ವಾರ ಸವಡಿತ್ತು. ನಾನು ಎರಡು ಪಟ್ಟು ಗೌಂಡಿಗಳನ್ನು ಹಾಕಿ, ದೀಪ ಕಟ್ಟಿ ರಾತ್ರಿ ಕೆಲಸ ಮಾಡಿಸಿ, ದುಪ್ಪಟ್ಟು ಪಗಾರ ಕೊಟ್ಟು 11 ವಾರಕ್ಕೆ ಮುಗಿಸಿದ್ದು ಆ ಗೋಡೆಯನ್ನು.

‘ಟ್ರಸ್ಸಿನ ನಕ್ಷೆಗೆ ಯಾವತ್ತು ಹೇಳಿದಿರಿ?’ ಎಂದು ತರಬೇತುದಾರರು ಕೇಳಿದರು. ರಿಜಿಸ್ಟರ್ ತಿರುವಿದೆ. ಪಾಯ ಮುಗಿದ ಮೇಲೆ. ಗೋಡೆಯೇ ಏಳದೆ ಛಾವಣಿಯ ಚಿಂತೆ ಯಾಕೆ ಎಂಬುದು ನಮ್ಮ ಲೆಕ್ಕ. 5ಕ್ಕೆ 16 ಕೂಡಿಸಿದರೆ 21. ಹನ್ನೊಂದನೆಯ ವಾರಕ್ಕೆ ನಿಂತ ಗೋಡೆಗಳು ಇಪ್ಪತ್ತೊಂದನೆಯ ವಾರದವರೆಗೆ ಬಯಲಾಗಿ ನಿಂತಿದ್ದವು. ನಡುವೆ ಮೃಗಶಿರಾ ಮಳೆ ಬಂತು. ನಾಲ್ಕು ಗೋಡೆಗಳ ನಡುವೆ ನೀರು ನಿಂತು ಎರೆಮಣ್ಣು ಅರಳಿ ಕೆಸರಾಯಿತು. ಪಂಪ್ ಹಚ್ಚಿ ನೀರು ಹೊರಗೆ ಹಾಕಿ, ಕೆಸರು ಬಳಿದು, ಮೊರಂ ತಂದು ಮತ್ತೆ ತುಂಬಿಸಿದೆವು. ಮಳೆಗೆ ಬೈದದ್ದು ನೆನಪಿದೆ. ರಿಜಿಸ್ಟರಿನಲ್ಲೂ ವಿಳಂಬಕ್ಕೆ ಕಾರಣ ‘ಮಳೆ’ ಎಂದೇ ಬರೆದಿದ್ದೇನೆ.

ಕೆಂಪು ಶಾಯಿಯ ಆ ಪುಟವನ್ನು ಯಾರಿಗೂ ತೋರಿಸಲಿಲ್ಲ.

ಊಟದ ಹೊತ್ತಿಗೆ ವಿಜಯಪುರದ ಆದಿಲ್‌ಶಾಹಿ ಗೋರಿ ಇಬ್ರಾಹಿಂ ರೋಜಾದ ಮಾತು ಬಂತು. ಮಲಿಕ್ ಸಂದಲ್ ಕಟ್ಟಿದ ಆ ಕಟ್ಟಡದ ಖರ್ಚು ಒಂದೂವರೆ ಲಕ್ಷ ಹೊನ್ನು, ಅದರ ಮೇಲೆ 900 ಎಂದು ಅಲ್ಲಿನ ಪಾರ್ಸಿ ಬರಹದಲ್ಲಿದೆ. ಆ 900ರ ಮೇಲೆ ನನಗೆ ಮೊದಲಿನಿಂದಲೂ ಪ್ರೀತಿ. ಒಂದೂವರೆ ಲಕ್ಷ ಎಂದು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಯಾವನೋ ಕಾರಕೂನ ಬಿಡಲಿಲ್ಲ. ತರಬೇತುದಾರರು ರೊಟ್ಟಿ ಮುರಿಯುತ್ತ, ‘ಲೆಕ್ಕ ಚೊಕ್ಕ ಇದೆ, ಆದರೆ ಅದು ಮುಗಿದ ಮೇಲಿನ ಲೆಕ್ಕ’ ಎಂದರು. ಮಾತು ಯಾರ ಕಡೆಗೆ ಎಂದು ನನಗೆ ಅನುಮಾನ ಉಳಿಯಲಿಲ್ಲ.

ಮಧ್ಯಾಹ್ನ ಹಣದ ಸರದಿ. ಗೋದಾಮಿನ ಅಂದಾಜು 60 ಲಕ್ಷ. 26 ವಾರದ ಕೆಲಸದಲ್ಲಿ ಅರ್ಧ ದಾರಿಗೆ, ಅಂದರೆ 13 ವಾರಕ್ಕೆ, 30 ಲಕ್ಷದ ಕೆಲಸ ಆಗಬೇಕಿತ್ತು. ಆ ದಿನದವರೆಗೆ ಖರ್ಚಾದದ್ದೂ 30 ಲಕ್ಷವೇ. ಅರ್ಧ ದಾರಿ, ಅರ್ಧ ಹಣ. ಎಲ್ಲ ಸರಿಯಿದೆ ಎಂದು ಮಾಲೀಕರಿಗೆ ಫೋನಿನಲ್ಲಿ ಹೇಳಿದ್ದೆ. ತರಬೇತುದಾರರು ಮೂರನೆಯ ಅಂಕಿ ಕೇಳಿದರು: ನಿಜವಾಗಿ ಆದ ಕೆಲಸದ ಬೆಲೆ, ಅಂದಾಜಿನ ದರದಲ್ಲಿ ಎಷ್ಟು? ಕೂಡಿಸಿದೆ. 24 ಲಕ್ಷ. ಅವರು ಹಲಗೆಯ ಮೇಲೆ 24ನ್ನು 30ರಿಂದ ಭಾಗಿಸಿ 0.8 ಎಂದು ಬರೆದರು. ಕೊಟ್ಟ ರೂಪಾಯಿಗೆ 80 ಪೈಸೆಯ ಕೆಲಸ. ಇದೇ ಚಾಳಿ ಮುಂದುವರಿದರೆ ಒಟ್ಟು ಎಷ್ಟಾದೀತು? 60ನ್ನು 0.8ರಿಂದ ಭಾಗಿಸಿದರೆ 75 ಲಕ್ಷ.

‘ಕೊನೆಗೆ ಎಷ್ಟಾಯಿತು?’ ಎಂದರು.

73 ಲಕ್ಷದ 40 ಸಾವಿರ. ನಾನು ಮೆಲ್ಲಗೆ ಹೇಳಿದರೂ ಇಡೀ ಕೋಣೆಗೆ ಕೇಳಿಸಿತು. ಆ ಹೆಚ್ಚಿನ ಹಣಕ್ಕಾಗಿ ಮಾಲೀಕರಿಂದ ನಾನು ತಿಂದ ಬೈಗುಳ ಹದಿಮೂರನೆಯ ವಾರದಲ್ಲೇ ಒಂದು ಭಾಗಾಕಾರದಲ್ಲಿ ಕುಳಿತಿತ್ತು.

ಸಂಜೆ ಕಂಪ್ಯೂಟರ್ ಪಾಠ. ತಂತ್ರಾಂಶ ತಾನಾಗಿಯೇ ಶನಿವಾರ, ಭಾನುವಾರ ರಜೆ ಹಿಡಿಯುತ್ತದೆ. ನಮ್ಮ ಗೌಂಡಿಗಳಿಗೆ ಸಂತೆಯ ದಿನ ರಜೆ, ಕಾರಹುಣ್ಣಿಮೆಗೆ ರಜೆ, ತೊಗರಿ ರಾಶಿಗೆ ಹೇಳದೆ ಕೇಳದೆ ರಜೆ. ಅವನ್ನೆಲ್ಲ ಕ್ಯಾಲೆಂಡರಿಗೆ ಸೇರಿಸುವ ಹೊತ್ತಿಗೆ ಐದೂವರೆಯಾಯಿತು. ಇದೊಂದು ಪಾಠ ಮಾತ್ರ ನಾವು ತರಬೇತುದಾರರಿಗೆ ಹೇಳಿಕೊಟ್ಟೆವು.

ಬಸ್ಸಿನಲ್ಲಿ ಮನೆಗೆ ಹೋಗುವಾಗ ಹೊಸ ಸೈಟಿನ ಗೌಂಡಿಯ ಫೋನ್ ಬಂತು. ಶಾಲೆಯ ಆವರಣ ಗೋಡೆಯನ್ನು ನಾಳೆಯೇ ಹಿಡಿಯಲೇ, ಹತ್ತು ಆಳು ಹೆಚ್ಚಿಗೆ ಸಿಕ್ಕಿದ್ದಾರೆ, ಬೇಗ ಮುಗಿಯುತ್ತದೆ ಎಂದ. ಬೇಡ, ಅದಕ್ಕೆ ಬೇಕಾದಷ್ಟು ಸವಡಿದೆ ಎಂದೆ. ಅವನಿಗೆ ನನ್ನ ಆರೋಗ್ಯದ ಬಗ್ಗೆ ಸಂಶಯ ಬಂದಿರಬೇಕು. ಎರಡು ಸಲ ಕೇಳಿದ. ಫೋನಿಟ್ಟು, ಛಾವಣಿ ಮಾಡಿಕೊಡುವ ಫ್ಯಾಬ್ರಿಕೇಶನ್ ಅಂಗಡಿಗೆ ಹಚ್ಚಿದೆ. ಮೂರು ಸಲ ಪೂರ್ತಿ ರಿಂಗಾಯಿತು, ಎತ್ತಲಿಲ್ಲ. ಆಮೇಲೆ ನೆನಪಾಯಿತು, ಅವತ್ತು ಅವರ ಊರಿನ ಸಂತೆ.