ನೀಲಿ ಬೆರಳು

ಇವತ್ತು ಬಳ್ಳಾರಿಯ ಕೌಲ್ ಬಜಾರಿನ ಅಕ್ಕನ ಜೊತೆ ಬ್ಯಾಂಕಿಗೆ ಹೋಗಿದ್ದೆ.
ಜೀನ್ಸ್ ಹೊಲಿಯುವ ಘಟಕ ಅವರದು. ಹನ್ನೊಂದು ಯಂತ್ರಗಳಿವೆ, ಇನ್ನೂ ನಾಲ್ಕು ಬೇಕು.

ಸಾಲದ ಅರ್ಜಿಗೆ ಸಹಿ ಹಾಕುವಾಗ ಅವರ ಬೆರಳುಗಳನ್ನೇ ನೋಡುತ್ತಿದ್ದೆ.
ಉಗುರಿನ ಸಂದಿಯಲ್ಲೆಲ್ಲ ನೀಲಿ. ಡೆನಿಮ್ ಬಟ್ಟೆಯ ಬಣ್ಣ, ಎಷ್ಟು ಸೋಪು ಹಚ್ಚಿ ತಿಕ್ಕಿದರೂ ಹೋಗುವುದಿಲ್ಲ.
ಅರ್ಜಿಯ ಅಂಚಿಗೂ ಒಂದಿಷ್ಟು ಹತ್ತಿತು.

"ಯಜಮಾನರು ಬಂದಿಲ್ಲವೇ?" ಎಂದರು ಕೌಂಟರಿನವರು.
"ಯಜಮಾನಿ ನಾನೇ ಸರ್, ಕೇಳಿ."
ಅಕ್ಕ ದನಿ ಏರಿಸಲಿಲ್ಲ. ಕಣ್ಣು ತುಂಬಿದ್ದು ನನಗೆ.

ಕಿರಣ್ ಮಜುಂದಾರ್ ಶಾ ನೆನಪಾದರು. 1978ರಲ್ಲಿ ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ, 10,000 ರೂಪಾಯಿ ಬಂಡವಾಳದಲ್ಲಿ ಬಯೋಕಾನ್ ಎಂಬ ಜೈವಿಕ ತಂತ್ರಜ್ಞಾನ ಕಂಪನಿ ಆರಂಭಿಸಿದವರು. ಆಗ ಅವರಿಗೆ ಇಪ್ಪತ್ತೈದು ವರ್ಷ. ಬ್ಯಾಂಕುಗಳು ಸಾಲ ಕೊಡಲು ಹಿಂದೆಮುಂದೆ ನೋಡಿದ್ದವು.
ಅದಕ್ಕೂ ಮುಂಚೆ ಅವರು ಬಿಯರ್ ತಯಾರಿಕೆಯ ವಿದ್ಯೆ ಕಲಿತದ್ದು ಆಸ್ಟ್ರೇಲಿಯಾದ ಬಲ್ಲರಾಟ್ ಊರಿನಲ್ಲಿ. ಆ ಹೆಸರು ಕೇಳಿದಾಗಲೆಲ್ಲ ನಮ್ಮ ಬಳ್ಳಾರಿಯೇ ಕಿವಿಗೆ ಬಿದ್ದ ಹಾಗಾಗಿ ಖುಷಿಯಾಗುತ್ತದೆ.

ಹೊರಗೆ ಬಂದರೆ ಸುಡುವ ಬಿಸಿಲು. ಸಾಲದ ಮಾತು ಇನ್ನೂ ಇತ್ಯರ್ಥವಾಗಿಲ್ಲ.
ಅಕ್ಕ ಸೆರಗು ತಲೆಯ ಮೇಲೆ ಎಳೆದುಕೊಂಡರು.
"ಸಂಜೆಯೊಳಗೆ ಇನ್ನೂರು ಪ್ಯಾಂಟಿಗೆ ಗುಂಡಿ ಹಚ್ಚಬೇಕು, ನಡೆಯಮ್ಮ."