ಹ್ಯಾಲೋವೀನ್‌ಗೆ ಮೊಮ್ಮಕ್ಕಳ ಜೊತೆ ಏನಾಡೋದು?

ಸೆಪ್ಟೆಂಬರ್ ಬಂತೆಂದರೆ ಈ ಪ್ರಶ್ನೆ ನನ್ನ ಫೋನಿಗೆ ಬರಲು ಶುರು. ಕೇಳುವವರು ಹೆಚ್ಚಾಗಿ ಮಗಳ ಬಾಣಂತನಕ್ಕೋ, ಮಗನ ಮನೆ ನೋಡಿಕೊಂಡು ಬರೋಣವೆಂದೋ ಆರು ತಿಂಗಳಿಗೆ ಅಮೆರಿಕಕ್ಕೆ ಹೊರಟವರು. "ಅಕ್ಟೋಬರ್ 31ಕ್ಕೆ ಅದೇನೋ ಹ್ಯಾಲೋವೀನ್ ಅಂತೆ ಕಣ್ರೀ. ಮಕ್ಕಳು ವೇಷ ಹಾಕ್ಕೊಂಡು ಆ ಚಳೀಲಿ ಮನೆಮನೆ ಸುತ್ತುತ್ತವಂತೆ. ನಮ್ಮ ಮಂಡಿನೋವಿಗೆ ಅದು ಆಗೋ ಮಾತಲ್ಲ. ಮೊಮ್ಮಕ್ಕಳ ಜೊತೆ ನಾವೇನು ಆಡೋದು?" ಅದರ ಬೆನ್ನಿಗೇ ದನಿ ತಗ್ಗಿಸಿ ಇನ್ನೊಂದು: "ಭೂತ ಪ್ರೇತದ ಹಬ್ಬ. ನಮಗೆ ಸರಿಹೋಗತ್ತಾ?"

ಮನೆಮನೆ ಸುತ್ತುವುದನ್ನು ಮಕ್ಕಳ ಅಪ್ಪ-ಅಮ್ಮನಿಗೆ ಬಿಡಿ. ಮನೆಯೊಳಗಿನ ಆಟ ನಿಮ್ಮದು. ಹಬ್ಬದ ಹಳೆಯ ಭಾಗ ಅದೇ.

ಐರ್ಲೆಂಡ್, ಸ್ಕಾಟ್ಲೆಂಡ್‌ಗಳಲ್ಲಿ ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ರಾತ್ರಿ ಇದು. ಅಂದು ಸತ್ತವರು ಮನೆಯ ಹತ್ತಿರ ಸುಳಿಯುತ್ತಾರೆ ಎಂದು ನಂಬುತ್ತಿದ್ದರು. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವ ನಾವು ಅದಕ್ಕೆ ಅಳುಕಬೇಕಾದ್ದು ಏನೂ ಇಲ್ಲ. ಬೆಳೆ ಒಳಗೆ ಬಂದಿರುತ್ತಿತ್ತು, ಹೊರಗೆ ಕತ್ತಲೆ. ಜನ ಒಲೆಯ ಸುತ್ತ ಕೂತು ಸೇಬು, ಕಾಯಿಬೀಜಗಳನ್ನು ಇಟ್ಟುಕೊಂಡು ಆಡುತ್ತಿದ್ದರು. ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್ 1785ರಲ್ಲಿ ಈ ರಾತ್ರಿಯ ಮೇಲೆಯೇ ಒಂದು ಉದ್ದನೆಯ ಕವಿತೆ ಬರೆದ. ಅದರಲ್ಲಿ ಪುಟ್ಟ ಜೆನ್ನಿ, ಕನ್ನಡಿ ಮುಂದೆ ನಿಂತು ಸೇಬು ತಿನ್ನುವ ಆಟಕ್ಕೆ ಜೊತೆಗೆ ಬಾ ಎಂದು ಅಜ್ಜಿಯನ್ನು ಕರೆಯುತ್ತಾಳೆ. ಹಾಗೆ ತಿಂದರೆ ಮುಂದೆ ಕೈಹಿಡಿಯುವವನ ಮುಖ ಕನ್ನಡಿಯಲ್ಲಿ ಕಾಣುತ್ತದೆಂಬ ನಂಬಿಕೆ. ಅಜ್ಜಿಗೆ ರೇಗುತ್ತದೆ. ರೇಗಿದ ಭರದಲ್ಲಿ ಚಿಲುಮೆ ಎಳೆದೆಳೆದು, ಕಿಡಿ ಹಾರಿ ಹೊಸ ಏಪ್ರನ್ ಸುಟ್ಟರೂ ಅವಳಿಗೆ ಗೊತ್ತಾಗುವುದಿಲ್ಲ. ಮೊಮ್ಮಗಳನ್ನು ಚೆನ್ನಾಗಿ ಬೈದು, ಆಮೇಲೆ ತಾನು ಹುಡುಗಿಯಾಗಿದ್ದಾಗಿನ ಇಂಥದೇ ಒಂದು ರಾತ್ರಿಯ ಕಥೆ ಹೇಳುತ್ತಾಳೆ. ನೋಡಿ, ಇನ್ನೂರು ವರ್ಷದ ಹಿಂದೆಯೂ ಈ ಹಬ್ಬದಲ್ಲಿ ಅಜ್ಜಿ ಇದ್ದಳು, ಮೊಮ್ಮಗಳೂ ಇದ್ದಳು!

1840ರ ದಶಕದ ಆಲೂಗೆಡ್ಡೆ ಬರಗಾಲದಲ್ಲಿ ಐರಿಷ್ ಜನ ಗುಂಪುಗುಂಪಾಗಿ ಅಮೆರಿಕಕ್ಕೆ ಹೋದಾಗ ಹಬ್ಬವೂ ಅವರ ಜೊತೆ ಹಡಗು ಹತ್ತಿತು. ಊರಿನಲ್ಲಿ ಟರ್ನಿಪ್ ಗೆಡ್ಡೆ ಕೊರೆದು ದೀಪ ಇಡುತ್ತಿದ್ದವರಿಗೆ ಅಲ್ಲಿ ಕುಂಬಳಕಾಯಿ ಸಿಕ್ಕಿತು. ಮಕ್ಕಳು ಮನೆಮನೆಗೆ ಹೋಗಿ ಕ್ಯಾಂಡಿ ಕೇಳುವುದು ಅಮೆರಿಕದಲ್ಲಿ ಹರಡಿದ್ದು 1930ರ ದಶಕದಿಂದ ಈಚೆಗೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಸಕ್ಕರೆಗೆ ರೇಷನ್ ಬಂದಾಗ ಅದೂ ಕುಂದಿ, ಯುದ್ಧ ಮುಗಿದ ಮೇಲೆ ಮತ್ತೆ ಚಿಗುರಿತು.

ಇನ್ನು ಆಟಕ್ಕೆ ಬರೋಣ. ಮೊದಲನೆಯದು ಹಗ್ಗಕ್ಕೆ ಕಟ್ಟಿದ ಸೇಬು. ಹಗ್ಗದಿಂದ ಸೇಬು ಇಳಿಬಿಡುವುದು, ಮಕ್ಕಳು ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಾಯಲ್ಲೇ ಕಚ್ಚುವುದು. ಹಿಂದೆ ಒಂದು ಕೋಲನ್ನು ಅಡ್ಡಲಾಗಿ ತೂಗುಬಿಟ್ಟು, ಒಂದು ತುದಿಗೆ ಸೇಬು, ಇನ್ನೊಂದು ತುದಿಗೆ ಉರಿಯುವ ಮೇಣದಬತ್ತಿ ಸಿಕ್ಕಿಸಿ ಗಿರ್ರನೆ ತಿರುಗಿಸುತ್ತಿದ್ದರು. ಆ ಸಾಹಸ ನಮಗೆ ಬೇಡ. ಇಡೀ ಸೇಬು ಮಕ್ಕಳ ಬಾಯಿಗೆ ಸಿಗುವುದೂ ಇಲ್ಲ; ಈಗ ಅಮೆರಿಕದ ಮನೆಗಳಲ್ಲಿ ಡೋನಟ್ ಕಟ್ಟುತ್ತಾರೆ. ನಾನು ಕಟ್ಟುವುದು ಕೋಡುಬಳೆ. ಬೆಂಗಳೂರಿನಿಂದ ಹೊರಡುವಾಗ ಹೇಗೂ ಡಬ್ಬಿ ತುಂಬಿಸಿಕೊಂಡೇ ಹೋಗುತ್ತೇವಲ್ಲ, ಅದರಲ್ಲಿ ದಪ್ಪನೆಯವನ್ನು ಎತ್ತಿಡಿ. ಚಕ್ಕುಲಿ ಆಗುವುದಿಲ್ಲ, ದಾರ ಎಳೆದೊಡನೆ ಪುಡಿಯಾಗುತ್ತದೆ. ಒಂದೊಂದು ಕೋಡುಬಳೆಗೆ ಒಂದೊಂದು ದಾರ ಪೋಣಿಸಿ ಉದ್ದನೆಯ ಹಗ್ಗಕ್ಕೆ ಸಾಲಾಗಿ ಕಟ್ಟಿ. ಹಗ್ಗದ ಒಂದು ತುದಿ ಬಾಗಿಲ ಹಿಡಿಗೆ, ಇನ್ನೊಂದು ಕುರ್ಚಿಯಲ್ಲಿ ಕೂತ ನಿಮ್ಮ ಕೈಗೆ. ಮಗು ಬಾಯಿ ಹಾಕುವ ಹೊತ್ತಿಗೆ ಹಗ್ಗ ಮೇಲಕ್ಕೆ. ಅಳು ಬರುವ ಮುಖ ಕಂಡರೆ ಮೆಲ್ಲಗೆ ಕೆಳಕ್ಕೆ. ಈ ಆಟದ ಜೀವ ಪೂರ್ತಿ ಹಗ್ಗ ಹಿಡಿದವರ ಕೈಯಲ್ಲಿದೆ, ಆ ಜಾಗದಲ್ಲಿ ಹಿರಿಯರೇ ಕೂರಬೇಕು. ನಾಲ್ಕು ವರ್ಷದೊಳಗಿನ ಮಗುವಿಗೆ ಕೋಡುಬಳೆ ಗಟ್ಟಿಯಾಗುತ್ತದೆ, ಮೆತ್ತಗಿನ ಡೋನಟ್ ಕಟ್ಟಿ. ನೀರು ತುಂಬಿದ ಟಬ್ಬಿಗೆ ಮುಖ ಮುಳುಗಿಸಿ ಸೇಬು ಕಚ್ಚುವ ಆಟ ಹೆಸರುವಾಸಿಯಾದರೂ ನಾನು ಆಡಿಸುವುದಿಲ್ಲ. ಅಷ್ಟು ಮಕ್ಕಳ ಬಾಯಿ ಅದೇ ನೀರಿಗೆ, ಅದೂ ನೆಗಡಿಯ ಕಾಲದಲ್ಲಿ.

ಎರಡನೆಯದು ನಮ್ಮ ಊರಿನದೇ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಮನೆ ಬಾಗಿಲುಗಳ ಮೇಲೆ "ನಾಳೆ ಬಾ" ಎಂದು ಬರೆದಿದ್ದು ನಿಮ್ಮಲ್ಲಿ ಬಹಳ ಜನಕ್ಕೆ ನೆನಪಿರಬೇಕು. ರಾತ್ರಿ ದೆವ್ವವೊಂದು ಬಂದು ಮನೆಯವರದೇ ದನಿಯಲ್ಲಿ ಕರೆಯುತ್ತದೆ, ಬಾಗಿಲ ಮೇಲಿನ ಬರಹ ಓದಿ ಹಿಂತಿರುಗುತ್ತದೆ, ಮರುದಿನ ಬಂದರೂ ಅದೇ ಬರಹ. ಈ ಕಥೆಯಲ್ಲಿ ಬಾಗಿಲು ತೆರೆದವರಿಗೆ ಏನಾಗುತ್ತದೆ ಎಂಬುದನ್ನು ಬಿಟ್ಟು ಉಳಿದದ್ದನ್ನು ಮೊಮ್ಮಕ್ಕಳಿಗೆ ಹೇಳಿ. ದೆವ್ವಕ್ಕೆ ಓದಲು ಬರುತ್ತದೆ, ಆದರೆ ನಾಳೆ ಯಾವತ್ತೂ ಬರುವುದಿಲ್ಲ ಅನ್ನುವುದು ಅವಕ್ಕೆ ಬಲು ಇಷ್ಟವಾಗುತ್ತದೆ. ಆಮೇಲೆ ಆಟ. ಕಾಗದದ ಮೇಲೆ ಮಕ್ಕಳ ಕೈಯಲ್ಲೇ "ನಾಳೆ ಬಾ" ಬರೆಸಿ ಕೋಣೆಯ ಬಾಗಿಲಿಗೆ ಅಂಟಿಸಿ. ನೀವು ಒಳಗೆ ಕೂರಿ. ಮಕ್ಕಳು ಹೊರಗಿನಿಂದ ಬಾಗಿಲು ಬಡಿದು ಅಪ್ಪನ ದನಿಯಲ್ಲೋ, ಟೀಚರ್ ದನಿಯಲ್ಲೋ, ಬೆಂಗಳೂರಿನ ಚಿಕ್ಕಮ್ಮನ ದನಿಯಲ್ಲೋ ಕರೆಯಬೇಕು. ಯಾರ ದನಿ, ತೆಗೆದವರು ಯಾರು, ಎರಡನ್ನೂ ನೀವು ಹೇಳಬೇಕು. ಸರಿಯಾಗಿ ಹೇಳಿದರೆ "ನಾಳೆ ಬಾ" ಎಂದು ಕೂಗಿ, ದೆವ್ವ ವಾಪಸ್ ಓಡಬೇಕು. ತಪ್ಪಿದರೆ ಬಾಗಿಲು ತೆರೆದು ತಿಂಡಿ ಕೊಡಬೇಕು. ಇಂಗ್ಲಿಷಿನಲ್ಲೇ ಉತ್ತರಿಸುವ ಮಕ್ಕಳೂ ಚಿಕ್ಕಮ್ಮನ ದನಿ ತೆಗೆಯುವಾಗ ತಂತಾನೇ ಕನ್ನಡಕ್ಕೆ ಬರುತ್ತವೆ. ನನಗೆ ಇದರಷ್ಟು ಸಂತೋಷ ಕೊಟ್ಟ ಆಟ ಬೇರೊಂದಿಲ್ಲ.

ಈ ಆಟದಲ್ಲಿ ಹೆದರಿಸುವವರು ಮಕ್ಕಳು ಅನ್ನುವುದು ನನಗೆ ಮುಖ್ಯ. ಊಟ ಮಾಡದಿದ್ದರೆ ಗುಮ್ಮ ಬರ್ತಾನೆ ಎಂದು ನಾವೆಲ್ಲ ಮಕ್ಕಳನ್ನು ಹೆದರಿಸಿದವರೇ. ಈ ಒಂದು ರಾತ್ರಿ ಮಗುವೇ ಗುಮ್ಮನಾಗಲಿ, ಹಿರಿಯರು ಬೆಚ್ಚಿಬೀಳಲಿ. ಮೂರು-ನಾಲ್ಕು ವರ್ಷದ ಮಗುವಿಗೆ ಮುಖವಾಡದ ಹಿಂದೆ ತಾತನೇ ಇದ್ದಾನೆ ಅನ್ನುವ ನಂಬಿಕೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಅದರ ಕಣ್ಣೆದುರೇ ಮುಖವಾಡ ಹಾಕಿ, ತೆಗೆದು ತೋರಿಸಿ, ಮತ್ತೆ ಹಾಕಿ. ಕತ್ತಲಲ್ಲಿ ಹಿಂದಿನಿಂದ ಬಂದು ಬೆಚ್ಚಿಸುವುದು ಮಾತ್ರ ಖಂಡಿತ ಬೇಡ.

ಅಡುಗೆಮನೆಯ ಒಡೆತನ ಇರುವವರಿಗೆ ಕೈ ಹಾಕುವ ಡಬ್ಬ ಸುಲಭ. ಶೂ ಡಬ್ಬದಲ್ಲಿ ತೂತು ಮಾಡಿ ಒಳಗೆ ಬಟ್ಟಲು ಇಡುವುದು, ಕಣ್ಣು ಮುಚ್ಚಿಕೊಂಡು ಕೈ ಹಾಕಿ ಏನೆಂದು ಹೇಳುವುದು. ಸಿಪ್ಪೆ ಸುಲಿದ ದ್ರಾಕ್ಷಿ ಕಣ್ಣುಗುಡ್ಡೆ, ಬೇಯಿಸಿ ಆರಿಸಿ ಎಣ್ಣೆ ಸವರಿದ ಶ್ಯಾವಿಗೆ ಕರುಳು, ನೆನೆಸಿದ ಸಬ್ಬಕ್ಕಿ ಕಪ್ಪೆಯ ಮೊಟ್ಟೆ, ನೆನೆದ ಹುಣಸೆಹಣ್ಣು ಯಾವ ಅಂಗವೆಂದು ಮಕ್ಕಳೇ ಹೇಳಲಿ. ಎಂಟು-ಹತ್ತು ವರ್ಷದವರು ಡಬ್ಬ ತಯಾರಿಸಲಿ, ನೀವು ಕೈ ಹಾಕಿ. ಇಡೀ ದ್ರಾಕ್ಷಿ ಪುಟ್ಟ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ, ಆಟ ಮುಗಿದೊಡನೆ ಎತ್ತಿಡಿ. ಟಾಯ್ಲೆಟ್ ಪೇಪರ್ ಸುತ್ತಿ ತಾತನನ್ನು ಈಜಿಪ್ಟಿನ ಮಮ್ಮಿ, ಅಂದರೆ ಬಟ್ಟೆ ಸುತ್ತಿಟ್ಟ ಹೆಣ, ಮಾಡುವ ಆಟಕ್ಕೆ ತಾತ ಕುರ್ಚಿಯಲ್ಲಿ ಕೂತಿರಲಿ. ಕಾಲು ಸುತ್ತಿಸಿಕೊಂಡು ನಿಂತರೆ ಬೀಳುವ ಭಯ.

ಕುಂಬಳಕಾಯಿಯನ್ನು ಹಬ್ಬಕ್ಕೆ ಎರಡು-ಮೂರು ದಿನ ಮುಂಚೆ ಕೊರೆಯಿರಿ, ಅದಕ್ಕೂ ಮೊದಲು ಕೊರೆದರೆ ಬೂಸ್ಟು ಹಿಡಿದು ಕುಸಿಯುತ್ತದೆ. ಚಾಕು ದೊಡ್ಡವರ ಕೈಯಲ್ಲಿ, ತಿರುಳು ಬಗೆಯುವ ಚಮಚ ಮಕ್ಕಳ ಕೈಯಲ್ಲಿ. ಒಳಗೆ ಎಷ್ಟು ಬೀಜ ಇವೆ ಎಂದು ಪ್ರತಿಯೊಬ್ಬರೂ ಮೊದಲೇ ಚೀಟಿಯಲ್ಲಿ ಬರೆದಿಡಲಿ, ಆಮೇಲೆ ಹತ್ತತ್ತರ ಗುಂಪು ಮಾಡಿ ಎಣಿಸಲಿ. ಎಣಿಸಿದ ಬೀಜ ತೊಳೆದು, ಒಣಗಿಸಿ, ಉಪ್ಪು ಖಾರದಪುಡಿ ಹಾಕಿ ಅವನ್‌ನಲ್ಲಿ ಹುರಿದರೆ ಸಂಜೆಗೆ ತಿಂಡಿಯಾಯಿತು. ತಿರುಳಿನಿಂದ ಪಲ್ಯ ಮಾಡಲು ಹೋಗಬೇಡಿ, ಕೊರೆಯುವುದಕ್ಕೆಂದೇ ಬೆಳೆದ ಆ ಕಾಯಿ ನೀರುನೀರು, ನಾರುನಾರು.

31ರ ಸಂಜೆ ಮಕ್ಕಳು ಸುತ್ತಲು ಹೋದಾಗ ಬಾಗಿಲಲ್ಲಿ ಕ್ಯಾಂಡಿ ಕೊಡುವ ಕೆಲಸ ನೀವು ವಹಿಸಿಕೊಳ್ಳಿ. ಮನೆ ಮುಂದಿನ ದೀಪ ಉರಿಯುತ್ತಿದ್ದರೆ ಬನ್ನಿ ಎಂದರ್ಥ, ಆರಿಸಿದ್ದರೆ ಯಾರೂ ಬರುವುದಿಲ್ಲ. ಮನೆಯಲ್ಲೇ ಉಳಿದ ಪುಟ್ಟ ಮೊಮ್ಮಗುವನ್ನು ಪಕ್ಕ ಕೂರಿಸಿಕೊಂಡು ಬಂದ ವೇಷಗಳ ಲೆಕ್ಕ ಬರೆಸಿ, ರಾಜಕುಮಾರಿಗೆ ಒಂದು ಗೀಟು, ಅಸ್ಥಿಪಂಜರಕ್ಕೆ ಒಂದು ಗೀಟು. ಕೆಲವು ಮನೆ ಮುಂದೆ ನೀಲಿ-ಹಸಿರು ಬಣ್ಣದ ಕುಂಬಳಕಾಯಿ ಕಾಣುತ್ತದೆ. ಕಡಲೆಕಾಯಿ, ಹಾಲು ಒಗ್ಗದ ಮಕ್ಕಳಿಗೆ ತಿನ್ನುವುದರ ಬದಲು ಪುಟ್ಟ ಆಟಿಕೆ ಕೊಡುತ್ತೇವೆ ಎಂಬ ಗುರುತು ಅದು. 2014ರಿಂದ ದೇಶದಾದ್ಯಂತ ಹರಡಿತು. ನೀವೂ ಕ್ಯಾಂಡಿ ಪಕ್ಕದಲ್ಲಿ ಒಂದು ಬಟ್ಟಲು ಪೆನ್ಸಿಲ್, ರಬ್ಬರ್ ಇಡಿ.

ಮಕ್ಕಳು ಚೀಲ ತುಂಬಿಕೊಂಡು ಬಂದ ಮೇಲೆ ಅಪ್ಪ-ಅಮ್ಮ ಒಂದೊಂದು ಕ್ಯಾಂಡಿಯನ್ನೂ ನೋಡಿ, ಪೊಟ್ಟಣ ಹರಿದದ್ದನ್ನು ತೆಗೆದು ಕೊಡುತ್ತಾರೆ. ಉಳಿದದ್ದು ಆಟದ ಕಾಯಿ. ಹನ್ನೆರಡು ಮೊಟ್ಟೆಯ ಖಾಲಿ ಟ್ರೇ ಒಂದು, ತುದಿಗಳಲ್ಲಿ ಒಂದೊಂದು ಬಟ್ಟಲು ಇಟ್ಟರೆ ಹದಿನಾಲ್ಕು ಗುಳಿ, ಅಳಗುಳಿ ಮಣೆ ಸಿದ್ಧ. ಹುಣಸೆಬೀಜದ ಬದಲು ಜೋಳದ ಕಾಳಿನಾಕಾರದ ಹಳದಿ-ಕಿತ್ತಳೆ ಮಿಠಾಯಿ ಕ್ಯಾಂಡಿ ಕಾರ್ನ್ ಹಾಕಿ ಆಡಿಸಿ. ಗೆದ್ದವರು ಗೆದ್ದದ್ದನ್ನೆಲ್ಲ ಆ ರಾತ್ರಿಯೇ ತಿನ್ನುವ ಹಾಗಿಲ್ಲ ಎಂದು ಆಟಕ್ಕೆ ಮೊದಲೇ ಒಪ್ಪಂದ ಆಗಬೇಕು. ನಮ್ಮ ಮನೆಯಲ್ಲಿ ಎರಡು ತಿಂದು ಹಲ್ಲುಜ್ಜಬೇಕು, ಮಿಕ್ಕದ್ದು ಮರುದಿನದ ಆಟಕ್ಕೆ ಡಬ್ಬಿ ಸೇರುತ್ತದೆ. ಸಕ್ಕರೆ ಕಾಯಿಲೆ ಇರುವ ತಾತಂದಿರು ಗೆದ್ದದ್ದು ಸೋತವರ ಪಾಲು.